ಮುಯ್ಯಾಳಿನ ಕೂಲಿ

ಕೃಷಿ ಅರ್ಥಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದ ನಾನು ಭತ್ತದ ಉತ್ಪಾದನಾ ವೆಚ್ಚವನ್ನು ವಿಷಯವಾಗಿ ಹಿಡಿದಿದ್ದೆ. ಸಾಗರ, ಹೊಸನಗರದ ಸಮೀಕ್ಷೆ ಮುಗಿದಿತ್ತು. ಉಳಿದದ್ದು ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ. ನಾಟಿ ನಡೆಯುವಾಗಲೇ ಬದುವಿನ ಮೇಲೆ ನಿಂತು ಕೇಳಬೇಕು, ಆಮೇಲೆ ಕೇಳಿ ತಂದ ಲೆಕ್ಕ ಒಪ್ಪುವುದಿಲ್ಲ ಎಂದು ನಮ್ಮ ಗೈಡ್ ಕಡ್ಡಿ ಮುರಿದಂತೆ ಹೇಳಿದ್ದರು. ಅಲ್ಲೋ ನಾಟಿ ಮುಗಿಯುತ್ತ ಬಂದಿತ್ತು. ಈ ಸಲ ತಪ್ಪಿದರೆ ಮುಂದಿನ ಮಳೆಗಾಲ, ಅಂದರೆ ಒಂದು ವರ್ಷ ನೀರುಪಾಲು. ಬಸ್ಸಿಳಿದವಳೇ ಗದ್ದೆಗಳ ಕಡೆ ನಡೆದೆ.

ಮೊದಲ ಗದ್ದೆಯಲ್ಲೇ ಎಡವಟ್ಟಾಯಿತು. ಸಾಲಾಗಿ ಬಾಗಿ ಸಸಿ ನೆಡುತ್ತಿದ್ದ ಹೆಂಗಸರ ನಡುವೆ ಗದ್ದೆಯ ಒಡತಿ ಯಾರೆಂದು ವಿಚಾರಿಸಿ, ಇವತ್ತು ಆಳು ಎಷ್ಟು ಎಂದು ಕೇಳಿದೆ.

"ಆಳಲ್ಲ. ಇವ್ರೆಲ್ಲ ಮುಯ್ಯಿಗೆ ಬಂದವ್ರು," ಎಂದರು.

ಮುಯ್ಯಿ ನನಗೆ ಹೊಸದಲ್ಲ. ಇವತ್ತು ನಿಮ್ಮ ಮನೆಯವರು ನಮ್ಮ ಗದ್ದೆಗೆ, ನಾಳೆ ನಮ್ಮ ಮನೆಯವರು ನಿಮ್ಮ ಗದ್ದೆಗೆ. ಕೆಳದಿ ಕಡೆಯ ನಮ್ಮೂರಿನಲ್ಲಿ ಅಮ್ಮನೂ ಹೀಗೆ ಹೋಗುತ್ತಾಳೆ. ಆದರೆ ಆ ಹೊತ್ತು ನನ್ನ ತಲೆಯಲ್ಲಿ ಗೈಡ್ ಕೂತಿದ್ದರು. ದುಡಿಯುವ ಪ್ರತಿ ಕೈಗೂ ಬೆಲೆ ಕಟ್ಟಬೇಕು ಎಂಬುದು ಅವರ ಮಂತ್ರ.

"ಇವ್ರಿಗೆ ಕೂಲಿ ಕೊಡೋದಾಗಿದ್ರೆ ಎಷ್ಟು ಕೊಡ್ತಿದ್ರಿ? ಎಲ್ರಿಗೂ ಒಂದೇನಾ?"

ನೆಡುವ ಕೈಗಳು ನಿಂತವು. ಸಾಲಿನಲ್ಲಿ ಹಿಂದೆ ಬಿದ್ದಿದ್ದ ವಯಸ್ಸಾದ ಹೆಂಗಸೊಬ್ಬರು ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡಿದರು. ಮುಯ್ಯಿಯಲ್ಲಿ ಚುರುಕು ಕೈ, ನಿಧಾನದ ಕೈ ಎಂಬ ಭೇದವಿಲ್ಲ, ಮನೆಗೊಬ್ಬರು ಬಂದರಾಯಿತು. ಆ ಭೇದವನ್ನು ನಾನು ಅವರ ಮುಖಕ್ಕೇ ಕೇಳಿದ್ದೆ.

"ಕೂಲಿ ಮಾತು ಇಲ್ಲಿ ಬ್ಯಾಡ. ನೀ ಹೊರಡು ಮಾರಾಯ್ತಿ," ಎಂದರು ಒಡತಿ.

ಮಾತು ನನಗಿಂತ ಮೊದಲೇ ಪಕ್ಕದ ಮನೆ ಮುಟ್ಟಿತ್ತು. ಯಾರಿಗೂ ಪುರುಸೊತ್ತಿಲ್ಲ. ಒಂದು ಮನೆಯಲ್ಲಂತೂ ನನ್ನನ್ನು ಕಂಡವರೇ ಬಾಗಿಲು ಹಾಕಿಕೊಂಡರು. ಸಿಟ್ಟು ನೆತ್ತಿಗೇರಿತು, ಗೈಡ್ ಮೇಲೆ, ಆ ಒಡತಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ನಾಲಿಗೆಯ ಮೇಲೆ. ದಾರಿಯಲ್ಲಿ ನಿಂತು ಅತ್ತೇಬಿಟ್ಟೆ. ಬೇರೆ ಗತಿಯಿಲ್ಲದೆ ಅದೇ ಗದ್ದೆಗೆ ಮರಳಿ, ನಮ್ಮಮ್ಮನೂ ಮುಯ್ಯಿಗೆ ಹೋಗುವವಳೇ, ಉತ್ತರ ಸಿಗದಿದ್ದರೆ ನನ್ನ ವರ್ಷ ಹೋಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಒಡತಿ ಕೈಯ ಕೆಸರು ತೊಳೆದುಕೊಂಡು ಬದು ಹತ್ತಿದರು.

"ಕೂಲಿ ಕೇಳ್ಬ್ಯಾಡ. ಯಾರ್ಯಾರು ಬಂದ್ರು, ಎಷ್ಟು ದಿನ ಬಂದ್ರು ಅಂತ ಕೇಳು, ಹೇಳ್ತೀವಿ. ಉಳಿದ ಮನೆಗೂ ನಾನೇ ಕರ್ಕೊಂಡ್ ಹೋಗ್ತೀನಿ. ಅಲ್ಲಿಗೆ ನನ್ನ ಅರ್ಧ ದಿನ ಹೋಯ್ತು. ಕೊಯ್ಲಿಗೆ ಬಂದು ತೀರ್ಸು."

ಬರ್ತೀನಿ ಎಂದೆ. ಆ ಹೊತ್ತಿನಲ್ಲಿ ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ.

ಕೊಯ್ಲಿನ ದಿನ ತಿಳಿಸಲು ಒಡತಿ ಫೋನ್ ಮಾಡಿದರು. ಅದೇ ದಿನ ನನ್ನ ಪ್ರಬಂಧದ ಸೆಮಿನಾರ್. ತಪ್ಪಿಸಿಕೊಂಡರೆ, ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ವರ್ಷವೇ ಕೈಬಿಡುತ್ತದೆ. ಕೊಟ್ಟ ಮಾತು ಬಿಟ್ಟರೆ ಆ ಊರಿನಲ್ಲಿ ಮತ್ತೆ ಮುಖ ತೋರಿಸುವಂತಿಲ್ಲ. ಅಮ್ಮನ ಮುಂದೆ ಗೋಳಾಡಿದೆ.

"ಮುಯ್ಯಿ ಇರೋದು ಮನೆ ಮೇಲೆ ಕಣೆ, ನಿನ್ನ ಮೇಲಲ್ಲ. ನಾ ಹೋಗ್ತೀನಿ," ಎಂದಳು ಅಮ್ಮ. ಕಂಡರಿಯದ ಊರಿಗೆ, ಗುರುತಿಲ್ಲದವರ ಗದ್ದೆಗೆ.

ಸೆಮಿನಾರಿನಲ್ಲಿ ನಾನು ಹೆದರಿದ್ದ ಪ್ರಶ್ನೆಯೇ ಬಂತು. ಮುಯ್ಯಾಳಿನ ದುಡಿಮೆಗೆ ಬೆಲೆ ಹೇಗೆ ಕಟ್ಟಿದಿರಿ? ಊರಿನಲ್ಲಿ ನಡೆಯುವ ಕೂಲಿಯ ದರದಲ್ಲಿ ಎಂದೆ. ನಮ್ಮ ಶಾಸ್ತ್ರದ ಪ್ರಕಾರ ಸರಿಯಾದ ಉತ್ತರ; ಎಲ್ಲರೂ ತಲೆಯಾಡಿಸಿದರು. ನನಗೆ ಮಾತ್ರ ಅರಳಸುರಳಿಯಲ್ಲಿ ಕುಡುಗೋಲು ಹಿಡಿದು ಬಾಗಿದ ಅಮ್ಮ ಕಾಣುತ್ತಿದ್ದಳು. ನಾಚಿಕೆಯಾಯಿತು. ಗೆದ್ದೆನಲ್ಲ ಎಂಬ ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ.

ಸಂಜೆ ಒಡತಿಯ ಫೋನ್ ಬಂತು. ಅಮ್ಮ ಅಲ್ಲಿಗೆ ಮುಟ್ಟಲೇ ಇಲ್ಲವೇನೋ ಎಂದು ಜೀವ ಹಿಡಿ ಮಾಡಿಕೊಂಡು ಎತ್ತಿದೆ.

"ನಿಮ್ಮಮ್ಮ ಈಗ ಬಸ್ ಹತ್ತಿದ್ರು. ಮಧ್ಯಾಹ್ನಕ್ಕೇ ಸಾಕು ಅಂದೆ, ಕೇಳ್ಲಿಲ್ಲ, ಬೈಗಿನ ತನಕ ಕೊಯ್ದ್ರು. ನೀ ಕೊಡ್ಬೇಕಿದ್ದು ಅರ್ಧ ದಿನ. ಈಗ ಅರ್ಧ ದಿನ ನಮ್ಮನೆ ಮೇಲೆ ಬಿತ್ತು," ಎಂದವರು ಉಸಿರು ತೆಗೆದುಕೊಂಡು ಕೇಳಿದರು: "ನಿಮ್ಮನೆ ಕೊಯ್ಲು ಯಾವತ್ತು?"