ಎಡಗೈ ಬೆನ್ನ ಹಿಂದೆ

ಕೆಳಗಿನ ಮನೆಯ ಅಜ್ಜಿ ತನ್ನ ಹಳೆಯ ಟಿವಿಯನ್ನು ಇಬ್ಬರು ಗಂಡಾಳುಗಳ ಕೈಯಲ್ಲಿ ಹೊರಿಸಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ನಮ್ಮ ಮನೆಯವರು ರಿಪೇರಿ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು ಎಂದು ಹೇಳಿ ವಾಪಸ್ ಕಳಿಸುವುದು ನನ್ನ ಉದ್ದೇಶ. ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅವರದೇ ದನಿ ಬಂತು.

"ಹುಷಾರು ಕಣ್ರಪ್ಪಾ, ಮುಖ ಗೋಡೆ ಕಡೆ ಮಾಡಿ ಮೇಜಿನ ಮೇಲಿಡಿ."

ಆ ದನಿಯಲ್ಲಿ ತಿಂಗಳುಗಟ್ಟಲೆ ಕೇಳದಿದ್ದ ಗತ್ತು ಇತ್ತು. ನಾನು ಪಕ್ಕಕ್ಕೆ ಸರಿದೆ.

ಅಜ್ಜಿ ನಮ್ಮ ಮನೆಯ ಓನರ್. ರಾಜಗೋಪಾಲನಗರದಲ್ಲಿ ನಾವಿರುವ ಬೀದಿ ಪೂರ್ತಿ ಒಂದು ಕಾಲಕ್ಕೆ ಅವರ ರಾಗಿ ಹೊಲವಂತೆ. ಈಗ ಆ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದಿವೆ, ಪೀಣ್ಯದ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವವರು ತುಂಬಿದ್ದಾರೆ. ಮಗ ತಂದು ಗೋಡೆಗೆ ನೇತುಹಾಕಿದ ದೊಡ್ಡ ಟಿವಿ ಅಜ್ಜಿಗೆ ಹಿಡಿಸಿರಲಿಲ್ಲ.

"ಅದು ಏನೇನೋ ಕೇಳ್ತದೆ ಕಣವ್ವ. ಒಂದು ಒತ್ತಿದ್ರೆ ಇನ್ನೊಂದು ಕೇಳ್ತದೆ. ನಂದಾದ್ರೆ ಇಂಗೆ ಗುಂಡಿ ಒತ್ತಿದ್ರೆ ಅಂಗೇ ಬತ್ತಿತ್ತು. ಈಗ ನಡುಮಧ್ಯ ಒಂದು ಬಿಳೀ ಗೆರೆ ಬತ್ತದೆ, ಅಷ್ಟೆಯ. ಮಾತು ಮಾತ್ರ ಕೇಳ್ತದೆ."

ನಮ್ಮವರು ಟಿವಿಯನ್ನು ಇನ್ನೂ ಮುಟ್ಟಿರಲಿಲ್ಲ. "ವರ್ಟಿಕಲ್ ಹೋಗಿದೆ, ಚಿತ್ರ ಮೇಲೆ ಕೆಳಗೆ ಹರಡ್ತಿಲ್ಲ. ಎಲ್ಲೋ ಬೆಸುಗೆ ಬಿಟ್ಟಿರುತ್ತೆ. ನಾಳೆ ಮಾಡ್ಕೊಡ್ತೀನಿ ಅಜ್ಜಿ," ಎಂದರು.

ಹೆಂಡತಿಯನ್ನು ಒಂದು ಮಾತು ಕೇಳುವ ಅಭ್ಯಾಸ ಅವರಿಗೆ ಮದುವೆಯಾದ ಹೊಸದರಲ್ಲೂ ಇರಲಿಲ್ಲ. ಅದಕ್ಕೆ ನಾನು ಬೇಸರ ಮಾಡಿಕೊಳ್ಳುವುದನ್ನು ಎಂದೋ ಬಿಟ್ಟಿದ್ದೇನೆ. ಅವತ್ತು ನಾನು ಹೆದರಿದ್ದು ಬೇರೆ ಕಾರಣಕ್ಕೆ.

ಇದೇ ಬಡಾವಣೆಯಲ್ಲಿ ಅವರಿಗೆ ಟಿವಿ ರಿಪೇರಿ ಅಂಗಡಿ ಇತ್ತು. ಕ್ರಿಕೆಟ್ ಮ್ಯಾಚಿನ ಹಿಂದಿನ ದಿನ ಅಂಗಡಿಯ ಮುಂದೆ ಜನ ಸೆಟ್ಟುಗಳನ್ನು ಹೊತ್ತು ನಿಲ್ಲುತ್ತಿದ್ದರು. ನಾನು ಊಟದ ಡಬ್ಬಿ ಕೊಡಲು ಹೋದರೆ ಅದನ್ನು ಇಡಲೂ ಜಾಗವಿರುತ್ತಿರಲಿಲ್ಲ. ಚಪ್ಪಟೆ ಟಿವಿಗಳು ಬಂದ ಮೇಲೆ ಅಂಗಡಿ ಮುಚ್ಚಿ ಒಂದು ಫ್ಯಾಕ್ಟರಿಯ ಮೇಂಟೆನೆನ್ಸಿಗೆ ಸೇರಿದರು, ಅಲ್ಲಿಂದಲೇ ರಿಟೈರ್ ಆದರು. ಮರೆವು ಶುರುವಾದದ್ದು ಆಮೇಲೆ. ಮೊದಮೊದಲು ಕನ್ನಡಕ, ಬೀಗದ ಕೈ. ಅದು ಯಾರಿಗಿಲ್ಲ ಎಂದು ನಾನೂ ತಮಾಷೆ ಮಾಡುತ್ತಿದ್ದೆ. ಒಂದು ದಿನ ಕರಿಬೇವು ತರಲು ಹೋದವರನ್ನು ಗುರುತಿನ ಆಟೋದವರು ಕರೆತಂದು ಬಿಟ್ಟರು. ಬಸ್ ಸ್ಟಾಪಿನಲ್ಲಿ ನಿಂತು ಹೋಗಿ ಬರುವವರನ್ನು ನಮ್ಮ ಮನೆ ಯಾವ ಕಡೆ ಎಂದು ಕೇಳುತ್ತಿದ್ದರಂತೆ. ಆಮೇಲೆ ತಮಾಷೆ ನಿಂತಿತು.

ಇದು ನಿಧಾನವಾಗಿ ಹೆಚ್ಚಾಗುವ ಕಾಯಿಲೆ, ಕೈಗೆ ಏನಾದರೂ ಕೆಲಸ ಕೊಡುತ್ತಿರಿ ಎಂದು ಡಾಕ್ಟರು ಹೇಳಿದ್ದರು. ನಾನು ಸೊಪ್ಪು ಬಿಡಿಸಲು ಕೊಟ್ಟೆ. ಎಲೆಯನ್ನೆಲ್ಲ ಕಸಕ್ಕೆ ಹಾಕಿ ದಂಟನ್ನು ಜೋಡಿಸಿಟ್ಟರು. ನಾನು ನಕ್ಕೆ, ಅವರೂ ನಕ್ಕರು. ಆಮೇಲೆ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸೊಪ್ಪಿನಲ್ಲಿ ತಪ್ಪಾದರೆ ಸಾರು ಕೆಡುತ್ತದೆ. ಟ್ಯೂಬಿನ ಟಿವಿ ಅಂಥದ್ದಲ್ಲ. ವೈರು ಕಿತ್ತು ಪಕ್ಕಕ್ಕಿಟ್ಟರೂ ಆ ಗಾಜಿನ ಬುರುಡೆಯೊಳಗೆ ಕರೆಂಟು ಹಾಗೇ ಕೂತಿರುತ್ತದೆ. ಟ್ಯೂಬಿನ ಬೆನ್ನ ಮೇಲೆ ರಬ್ಬರಿನ ಒಂದು ಟೋಪಿ ಇರುತ್ತದೆ, ದಪ್ಪ ಕೆಂಪು ವೈರು ಅದರೊಳಗೆ ಹೋಗುತ್ತದೆ. ಭಯವೆಲ್ಲ ಆ ಟೋಪಿಯ ಅಡಿಯಲ್ಲಿದೆ. ಉದ್ದನೆಯ ಸ್ಕ್ರೂಡ್ರೈವರಿಗೆ ಒಂದು ವೈರು ಸುತ್ತಿ, ವೈರಿನ ಇನ್ನೊಂದು ತುದಿಯ ಕ್ಲಿಪ್ಪನ್ನು ಟ್ಯೂಬಿನ ಮೈಮೇಲೆ ಎಳೆದಿರುವ ಬರಿಯ ತಂತಿಗೆ ಸಿಕ್ಕಿಸಿ, ಸ್ಕ್ರೂಡ್ರೈವರಿನ ಮೂತಿಯನ್ನು ಟೋಪಿಯ ಅಡಿಗೆ ತೂರಿಸಬೇಕು. ಟಪ್ ಎಂದು ಸದ್ದು ಬರುತ್ತದೆ. ಕೈ ಹಾಕುವುದೆಲ್ಲ ಅದಾದ ಮೇಲೆ. ಅಷ್ಟು ಮಾಡುವಾಗಲೂ ಬಲಗೈ ಒಂದೇ. ಎಡಗೈಯನ್ನು ಅವರು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಎರಡೂ ಕೈ ಹಾಕಿದರೆ ಕರೆಂಟು ಒಂದರಿಂದ ಇನ್ನೊಂದಕ್ಕೆ ಎದೆಯ ಮೇಲೇ ದಾಟಿಕೊಂಡು ಹೋಗುತ್ತದೆ ಎಂದು ಮದುವೆಯಾದ ಹೊಸದರಲ್ಲಿ ನನಗೆ ವಿವರಿಸಿದ್ದರು. ಹೊಸ ಹೆಂಡತಿಗೆ ಹೇಳಲು ಅವರಿಗೆ ಸಿಕ್ಕಿದ ಮಾತು ಅದು.

ಆ ಒಂದು ಟಪ್ ಇವರಿಗೆ ನೆನಪಿರುತ್ತದೆಯೇ? ಬೆಳಿಗ್ಗೆ ಕಾಫಿ ಕುಡಿದು ಮತ್ತೆ ಕಾಫಿ ಕೇಳುವವರು ಇದನ್ನು ಮರೆಯುವುದಿಲ್ಲ ಎಂದು ನಂಬುವುದು ಹೇಗೆ? ನೆನಪು ಮಾಡಿಕೊಡೋಣವೆಂದರೆ, ಆ ಕೆಲಸದಲ್ಲಿ ತಲೆ ನರೆತವರಿಗೆ ನಾನು ಪಾಠ ಹೇಳಿದ ಹಾಗಾಗುತ್ತದೆ. ಬೇಡ ಎಂದು ಟಿವಿ ವಾಪಸ್ ಕಳಿಸಿದರೆ ಆ ಗತ್ತಿನ ದನಿ ಮತ್ತೆ ಬರುವುದಿಲ್ಲ. ಅವತ್ತು ಇಡೀ ದಿನ ನಾನು ಮೇಜಿನ ಸುತ್ತಲೇ ನೆಲ ಒರೆಸಿದೆ.

ಮರುದಿನ ಅವರು ಬೇಗ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಮೇಜಿನ ಮುಂದೆ ಕೂತರು. ಸೆಟ್ ಹಾಕಿ ಬಿಳಿ ಗೆರೆ ನೋಡಿದರು. ಆರಿಸಿದರು, ಪ್ಲಗ್ ಕಿತ್ತರು, ಹಿಂದಿನ ಮುಚ್ಚಳ ಬಿಚ್ಚಿದರು. ಇಷ್ಟೂ ಸರಿಯಾಗಿತ್ತು. ಹಳೆಯ ಡಬ್ಬಿಯಿಂದ ಸಾಮಾನು ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಬೆಸುಗೆಯ ಸೀಸ ಮುಗಿದಿತ್ತು.

"ಮೂಲೆ ಅಂಗಡೀಲಿ ಸಿಗುತ್ತೆ, ತಂದ್ಬಿಡ್ತೀನಿ."

"ನಾನು ಹೋಗ್ತೀನಿ ಇರ್ರೀ."

"ನಿಂಗೇನು ಗೊತ್ತಾಗುತ್ತೆ, ಯಾವುದೋ ತರ್ತೀಯ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ನಾನು ಬಾಲ್ಕನಿಯಿಂದ ನೋಡುತ್ತ ನಿಂತೆ. ಮೂಲೆಯ ಅಂಗಡಿ ಅಲ್ಲಿಂದ ಕಾಣುತ್ತದೆ. ಒಂದು ಲಾರಿ ಅಡ್ಡ ಬಂದು ನಿಂತಾಗ ಕಂಬಿಯ ಮೇಲೆ ಬಗ್ಗಿ ನೋಡಿದೆ. ಲಾರಿ ಸರಿದಾಗ ಅವರು ಅಂಗಡಿಯ ಕಟ್ಟೆಗೆ ಒರಗಿ ಮಾತಾಡುತ್ತಿದ್ದರು. ಮಾತಿಗೆ ಸಿಕ್ಕರೆ ಬೇಗ ಬರುವವರಲ್ಲ. ಆಗ ನನಗೆ ಈ ಯೋಚನೆ ಬಂತು. ಆ ಟಪ್ಪನ್ನು ನಾನೇ ಮುಗಿಸಿಬಿಟ್ಟರೆ? ಇವರು ಮರೆತರೂ ಅಪಾಯವಿಲ್ಲ, ಮರೆಯದಿದ್ದರೂ ನಷ್ಟವಿಲ್ಲ. ಇವರ ಅಂಗಡಿಯಲ್ಲಿ ಎಷ್ಟು ಸಲ ನೋಡಿದ್ದೇನೆ.

ಒಳಗೆ ಓಡಿ ವೈರು ಸುತ್ತಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಕ್ಲಿಪ್ ಸಿಕ್ಕಿಸಿದೆ. ಮೂತಿಯನ್ನು ರಬ್ಬರ್ ಟೋಪಿಯ ಅಡಿಗೆ ತೂರಿಸುವಾಗ ಕಣ್ಣು ಮುಚ್ಚಿದ್ದೆ. ಟಪ್! ಮನೆಗೆಲ್ಲ ಕೇಳಿಸಿದಂತಾಯಿತು. ಎಲ್ಲವನ್ನೂ ಇದ್ದ ಹಾಗೇ ಬಟ್ಟೆಯ ಮೇಲಿಟ್ಟು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ. ಇನ್ನು ಇವರಿಗೆ ಏನೂ ಆಗುವುದಿಲ್ಲ ಎಂದು ನಿರಾಳವಾಯಿತು. ಅವರು ಸೀಸದ ಸುರುಳಿ ತೆಗೆದುಕೊಂಡು ದಾರಿ ತಪ್ಪದೆ ಬಂದಾಗ ಇನ್ನಷ್ಟು ನಿರಾಳವಾಯಿತು.

ಬಂದವರೇ ಮೇಜಿನ ಮುಂದೆ ನಿಂತರು. ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಬಲಗೈ ಸ್ಕ್ರೂಡ್ರೈವರ್ ಎತ್ತಿಕೊಂಡಿತು, ಕ್ಲಿಪ್ ಹಾಕಿತು. ಮರೆತಿರಲಿಲ್ಲ! ನಾನು ಸುಮ್ಮನೆ ಹೆದರಿದ್ದೆ. ಖುಷಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅವರು ಮೂತಿಯನ್ನು ಟೋಪಿಯ ಅಡಿಗೆ ತೂರಿಸಿದರು.

ಸದ್ದು ಬರಲಿಲ್ಲ.

ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಮುಟ್ಟಿಸಿದರು. ಕ್ಲಿಪ್ ನೋಡಿದರು, ಮತ್ತೆ ಮುಟ್ಟಿಸಿದರು. ಆಮೇಲೆ ಅಲ್ಲಾಡದೆ ನಿಂತುಬಿಟ್ಟರು.

"ಏ, ನಾನು ಆಗಲೇ ಮಾಡಿದ್ನೇನೇ ಇದನ್ನ?"

ಮುಖ ನನ್ನ ಕಡೆ ತಿರುಗಿತ್ತು. ಬಸ್ ಸ್ಟಾಪಿನಲ್ಲಿ ಅವರ ಮುಖ ಹೀಗೇ ಇತ್ತೇನೋ. ನನಗೆ ಬಾಯಿಗೆ ಬಂದದ್ದು ಅತಿ ಸುಲಭದ ಮಾತು. "ಹೂಂ ರೀ, ಅಂಗಡಿಗೆ ಹೋಗೋ ಮುಂಚೆ ಮಾಡಿದ್ರಲ್ಲ."

ಅವರು ಸ್ಕ್ರೂಡ್ರೈವರನ್ನು ಮೆತ್ತಗೆ ಬಟ್ಟೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತರು. ಜೇಬಿನಿಂದ ಸೀಸದ ಸುರುಳಿ ತೆಗೆದು ಅದನ್ನೂ ಇಟ್ಟರು.

"ಇದೂ ಹೋಯ್ತಾ ಹಾಗಾದ್ರೆ," ಎಂದರು. "ಅಜ್ಜಿಗೆ ಹೇಳ್ಬಿಡು, ತಗೊಂಡು ಹೋಗ್ಲಿ. ಕಾಫಿ ಕುಡಿದದ್ದು ಮರೀಲಿ, ಪರವಾಗಿಲ್ಲ. ಇದನ್ನ ಮಾಡಿದ್ದೇ ನೆನಪಿಲ್ಲ ಅಂದ್ರೆ ನಾನಿನ್ನು ಯಾವುದಕ್ಕೂ ಕೈ ಹಾಕ್ಬಾರದು."

ಅವರ ಕಣ್ಣಲ್ಲಿ ನೀರಿತ್ತು. ಅಂಗಡಿ ಮುಚ್ಚಿದ ದಿನವೂ ಅಳದ ಮನುಷ್ಯ. ನನಗೆ ತಡೆಯಲಾಗಲಿಲ್ಲ.

"ನೀವು ಮರ್ತಿಲ್ಲ ರೀ. ನೀವು ಮಾಡೇ ಇರ್ಲಿಲ್ಲ. ಮಾಡಿದ್ದು ನಾನು. ನೀವು ಅಂಗಡೀಲಿ ಇದ್ದಾಗ."

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂಬ ಅನುಮಾನ ಮುಖದಲ್ಲೇ ಕಾಣುತ್ತಿತ್ತು. "ಹೇಗೆ ಮಾಡಿದೆ? ತೋರ್ಸು," ಎಂದರು. ನಾನು ಮೇಜಿನ ಹತ್ತಿರ ಹೋಗಿ ಸ್ಕ್ರೂಡ್ರೈವರ್ ಹಿಡಿದೆ. ಕ್ಲಿಪ್ಪಿನ ಸ್ಪ್ರಿಂಗು ಸಡಿಲವಾಗಿತ್ತು, ಜಾರುತ್ತಿತ್ತು, ಅದಕ್ಕೆ ಎಡಗೈಯಲ್ಲಿ ಹೀಗೆ ಒತ್ತಿ ಹಿಡಿದುಕೊಂಡೆ ಎಂದು ತೋರಿಸಿದೆ.

"ಎರಡೂ ಕೈಯಾ?"

ಕೇಳಿದ್ದೇ ಕುರ್ಚಿಯಿಂದ ಎದ್ದರು. ನನ್ನ ಎರಡೂ ಅಂಗೈಗಳನ್ನು ಹಿಡಿದು ಕಿಟಕಿಯ ಬೆಳಕಿಗೆ ಎಳೆದರು, ಬಳೆಗಳನ್ನು ಮೇಲೆ ಸರಿಸಿ ನೋಡಿದರು. ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಬೈಗುಳ ಶುರುವಾಯಿತು.

"ಬುದ್ಧಿ ಇದೆಯೇನೇ ನಿಂಗೆ? ಬಳೆ ಹಾಕ್ಕೊಂಡು, ಎರಡೂ ಕೈ ಹಾಕ್ಕೊಂಡು! ಎಷ್ಟು ಸಲ ಹೇಳಿಲ್ಲ ನಾನು? ಮದ್ವೆ ಆದಾಗಿಂದ ಹೇಳ್ತಾನೇ ಇದ್ದೀನಿ. ನಿಂಗೇನಾದ್ರೂ ಆಗಿದ್ರೆ, ಮನೆ ದಾರಿ ನಾನು ಯಾರನ್ನ ಕೇಳ್ಲಿ?"

ಅವರಿಗೆ ಎಲ್ಲವೂ ಗೊತ್ತಿತ್ತು. ತನಗೆ ಏನಾಗುತ್ತಿದೆ, ಮುಂದೆ ಏನಾಗಲಿದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ನಾನೊಬ್ಬಳೇ ಹೆದರುತ್ತಿದ್ದೇನೆ ಎಂದುಕೊಂಡಿದ್ದೆ.

ಆಮೇಲೆ ಅವರು ಇಕ್ಕಳ ತೆಗೆದುಕೊಂಡು ಕ್ಲಿಪ್ಪಿನ ಸ್ಪ್ರಿಂಗನ್ನು ಬಿಗಿ ಮಾಡಿದರು. ಮತ್ತೊಮ್ಮೆ ಟ್ಯೂಬಿಗೆ ಮುಟ್ಟಿಸಿದರು.

"ಆಯ್ತಲ್ಲ ರೀ ಅದು?"

"ಖಾಲಿ ಆದ್ಮೇಲೂ ಒಳಗೆ ಸ್ವಲ್ಪ ಉಳ್ಕೊಂಡಿರುತ್ತೆ ಕಣೇ. ಯಾವಾಗ್ಲೂ ಎರಡು ಸಲ ಮುಟ್ಟಿಸ್ಬೇಕು."

ಒಳಗಿನ ಸರ್ಕ್ಯೂಟ್ ಹಲಗೆಯನ್ನು ಹೊರಗೆಳೆದು ಭೂತಗನ್ನಡಿಯಲ್ಲಿ ಹುಡುಕಿ ನನಗೂ ತೋರಿಸಿದರು. ಒಂದು ಬಿಡಿಭಾಗದ ತಂತಿಕಾಲಿನ ಸುತ್ತ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬೆಸುಗೆಯ ಕಾದ ಕಡ್ಡಿ ಹಿಡಿದು ಸೀಸ ಬಿಟ್ಟಾಗ ಮೊದಲ ಸಲ ಹೆಚ್ಚಾಯಿತು. ಪಕ್ಕಪಕ್ಕದ ಎರಡು ಕಾಲು ಸೀಸದಲ್ಲಿ ಅಂಟಿಕೊಂಡವು. ತಮ್ಮನ್ನೇ ಬೈದುಕೊಂಡು ಅದನ್ನು ಕರಗಿಸಿ ತೆಗೆದು ಮತ್ತೆ ಹಾಕಿದರು. ನಾನು ಟಾರ್ಚ್ ಹಿಡಿದಿದ್ದೆ, ಅದೂ ಒಂದೇ ಕೈಯಲ್ಲಿ.

ಸ್ವಿಚ್ ಹಾಕುವಾಗ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ಪರದೆ ಸ್ವಲ್ಪ ಹೊತ್ತು ಕಪ್ಪಾಗೇ ಇತ್ತು. ಕರ್ರ್ ಎಂದಿತು. ಆಮೇಲೆ ಮೇಲಿಂದ ಕೆಳಗಿನವರೆಗೂ ತುಂಬಿಕೊಂಡು ಚಿತ್ರ ಬಂತು. ಯಾರೋ ಹೆಂಗಸು ಬಾಣಲೆಯಲ್ಲಿ ಬದನೆಕಾಯಿ ಬಾಡಿಸುತ್ತಿದ್ದಳು, ಮುಖ ತುಸು ಹಸಿರಾಗಿತ್ತು. ಅಜ್ಜಿಗೆ ಆ ಹಸಿರು ಬಣ್ಣವೂ ಮೊದಲಿಂದ ಇದ್ದದ್ದೇ. ಸಂಜೆ ಟಿವಿ ಇಳಿಸಿಕೊಂಡು ಹೋಗಿ, ತಮ್ಮ ಹಿತ್ತಲ ಮರದ ನುಗ್ಗೆಕಾಯಿಯ ಕಟ್ಟೊಂದನ್ನು ಮೇಲಕ್ಕೆ ಕಳಿಸಿದರು.

ಮರುದಿನ ಬೆಳಿಗ್ಗೆ ನಮ್ಮವರು ಕಾಫಿ ಲೋಟ ಹಿಡಿದು ಖಾಲಿ ಮೇಜನ್ನು ನೋಡುತ್ತಿದ್ದರು.

"ಅಜ್ಜಿ ಟಿವಿ ತರ್ತೀನಿ ಅಂದಿದ್ರಲ್ಲ, ಯಾವಾಗ ತರ್ತಾರಂತೆ?"

ಲೋಟ ತೆಗೆದು ಮೇಜಿನ ಮೇಲಿಟ್ಟು ಅವರನ್ನು ಕೆಳಗೆ ಕರೆದುಕೊಂಡು ಹೋದೆ. ಅಜ್ಜಿ ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು ತನ್ನ ಟಿವಿ ನೋಡುತ್ತಿದ್ದರು. ನಮ್ಮವರು ಪರದೆಯನ್ನೇ ದಿಟ್ಟಿಸಿದರು.

"ಯಾರು ಮಾಡಿದ್ದು ಅಜ್ಜಿ? ಚೆನ್ನಾಗಿ ಮಾಡಿದ್ದಾನೆ."

"ಅಯ್ಯೋ, ನೀನೇ ಅಲ್ವೇನಪ್ಪ! ನೆನ್ನೆ ತಾನೆ ಮಾಡ್ಕೊಟ್ಟೆ."

ಅವರು ನಕ್ಕರು, ಅಜ್ಜಿ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದರು.

"ನೀವೇ ರೀ," ಎಂದೆ.

ಅವರು ಟಿವಿಯ ಹಿಂದಕ್ಕೆ ಹೋಗಿ, ಬಗ್ಗಿ, ಮುಚ್ಚಳದ ಸಂದಿಗಳಲ್ಲಿ ಇಣುಕಿದರು. ಮುಚ್ಚಳ ಭದ್ರವಾಗಿತ್ತು, ಹೆದರುವಂಥದ್ದು ಏನೂ ಇರಲಿಲ್ಲ. ಆದರೂ ಎಡಗೈ ಬೆನ್ನ ಹಿಂದೆ ಹೋಗಿ ಸೊಂಟಕ್ಕೆ ಸಿಕ್ಕಿಕೊಂಡಿತ್ತು. ನಾನು ಆ ಕೈಯನ್ನೇ ಬಿಡಿಸಿ ಹಿಡಿದುಕೊಂಡು ಅವರನ್ನು ಮೆಟ್ಟಿಲು ಹತ್ತಿಸಿದೆ. ಅರ್ಧ ಹತ್ತಿದ ಮೇಲೆ ಅವರು ನಿಂತರು.

"ಅಜ್ಜಿ ಟಿವಿ ಯಾರು ಮಾಡಿದ್ದಂತೆ?"

"ನೀವೇ ರೀ," ಎಂದು ಇನ್ನೊಂದು ಸಲ ಹೇಳಿದೆ.