ಬಾಗಿಲಲ್ಲೇ ನಿಂತ ಗಂಗವ್ವ

ಗೆಳೆಯರೇ, ಇಂದು ರಬಕವಿಯ ನನ್ನ ಒಂದನೇ ಇಯತ್ತೆಯ ಮಕ್ಕಳಿಗೆ, "ನಮ್ಮ ಮುಂಬಯಿ ರಾಜ್ಯದಾಗ ಹುಡುಗ್ಯಾರೂ ಸಾಲಿಗೆ ಬರಬೇಕು" ಎಂದೆ.

"ಅವರಿಗ್ಯಾಕ್ರಿ ಸಾಲಿ?" ಎಂದ ನೇಕಾರರ ಬಸ್ಯಾ. ಅವನಿಗೆ ಬುತ್ತಿ ತಂದಿದ್ದ ಅಕ್ಕ ಗಂಗವ್ವ ಬಾಗಿಲಲ್ಲೇ ನಿಂತಿದ್ದಳು.

ಅರ್ಧ ಮಕ್ಕಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಉಳಿದವರಿಗೆ ಹಲಗೆಯ ಮೇಲೆ ಆನೆ ಬರೆದು ತೋರಿಸಿದೆ. ಅವರು ನಕ್ಕಾಗ, ಗೋಡೆ ನೋಡುತ್ತಿದ್ದ ಬಸ್ಯಾನಿಗೆ ಅಳುವೇ ಬಂತು. "ನಮಗೂ ತೋರಸ್ರಿ!"

"ನಿಮ್ಮಕ್ಕಗೂ ದಿನಾ ಹಿಂಗ ಆಗತೈತಿ" ಎಂದೆ.

ಬಸ್ಯಾ ಕಣ್ಣೊರೆಸಿಕೊಂಡು, ಸರಿದು ಜಾಗ ಮಾಡಿದ. "ಬಾ ಬೇ ಯಕ್ಕಾ, ಕುಂದರು."

"ಮನ್ಯಾಗ ನೂಲಿನ ಕಂಡಿಕಿ ಸುತ್ತೂದೈತಿ, ಅಪ್ಪ ಬೈತಾನ" ಎಂದಳು ಗಂಗವ್ವ. ಆನೆಯನ್ನು ತಿರುತಿರುಗಿ ನೋಡುತ್ತಲೇ ಹೋದಳು.

ಮಕ್ಕಳಿಗೇನೋ ಪಾಠ ತಿಳಿಯಿತು. ಅಪ್ಪಂದಿರನ್ನು ಯಾವ ಇಯತ್ತೆಗೆ ಸೇರಿಸಿಕೊಳ್ಳಲಿ, ನೀವೇ ಹೇಳಿ.