ಗಂಗಾಂಬಿಕೆ ಕಂಡ ಉಕ್ಕಿನ ಗೆರೆ

ಗುಬ್ಬಿಯ ಗಂಗಾಂಬಿಕೆಗೆ ಉಕ್ಕೆಂದರೆ ಪ್ರಾಣ. ಅಡುಗೆಮನೆಗೆ ಹೊಸ ಚಾಕು ತಂದರೂ ಒಳಗೆ ಹೇಗಿದೆಯೋ ನೋಡಬೇಕು ಅನ್ನುವವಳು. "ನಿಂಗೊಂದು ಗಂಡು ತಂದ್ರೆ ಅವನ್ನೂ ಕುಯ್ದು ನೋಡ್ತೀಯ ಕಣೇ!" ಎಂದು ಅಮ್ಮ ರೇಗಿಸುತ್ತಾಳೆ.

ವಸಂತನರಸಾಪುರದ ಗೇರ್ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಸಂಬಳ ಕೊಡುವುದೂ ಅದಕ್ಕೇ. ಫರ್ನೇಸಿನ ಬೆಂಕಿಯಲ್ಲಿ ಹದ ಮಾಡಿದ ಉಕ್ಕಿನ ತುಂಡು ಕತ್ತರಿಸಿ, ಗಿರ್ರನೆ ತಿರುಗುವ ಒದ್ದೆ ಬಟ್ಟೆಯ ಮೇಲೆ ಕನ್ನಡಿಯ ಹಾಗೆ ಉಜ್ಜಿ, ಆಸಿಡ್ ಸವರಿ, ಮೈಕ್ರೋಸ್ಕೋಪಿನಲ್ಲಿ ಒಳಗಿನ ಹೆಣಿಗೆ ನೋಡಬೇಕು.

ಆಯುಧಪೂಜೆ ಮುಗಿದ ಮೇಲಿನ ಮೊದಲ ತುಂಡನ್ನು ಮೈಕ್ರೋಸ್ಕೋಪಿಗಿಟ್ಟಳು. ಮೈತುಂಬ ಕೂದಲೆಳೆಯಂಥ ಗೆರೆಗಳು!

ಮ್ಯಾನೇಜರ್ ಮೋಹನ್‌ಕುಮಾರ್ ಇಣುಕಿದರು. "ಬಿರುಕಾದ್ರೆ ಇಡೀ ಲಾಟ್ ಗುಜರಿಗೆ. ಚನ್ನವೀರಯ್ಯನ್ನೂ ಫರ್ನೇಸಿಂದ ತೆಗ್ದು ಪ್ಯಾಕಿಂಗಿಗೆ ಹಾಕ್ತೀನಿ. ಊಟದೊಳಗೆ ಸರಿಯಾಗಿ ನೋಡಿ ಹೇಳಮ್ಮ."

ಅಯ್ಯೋ ಶಿವನೇ! ಚನ್ನವೀರಯ್ಯ ಅವಳ ಊರಿನವನೇ, ದಿನಾ ಕಂಪನಿ ಬಸ್ಸಿನಲ್ಲಿ ಅವಳಿಗೆ ಸೀಟು ಹಿಡಿದಿಡುವ ಹಿರಿಯ. ಬೆಂಕಿಯ ಮುಂದೆಯೇ ತಲೆ ನರೆಸಿಕೊಂಡವನನ್ನು ರಟ್ಟಿನ ಡಬ್ಬ ಕಟ್ಟಲು ಕೂರಿಸಿದರೆ ಅವನು ಬದುಕಿಯಾನೇ? ಹಾಗಂತ ಸುಳ್ಳು ಹೇಳಲಿಕ್ಕೂ ಆಗದು. ಬಿರುಕಿನ ಗೇರು ಯಾರ ಟ್ರ್ಯಾಕ್ಟರಿನಲ್ಲಿ ಮುರಿಯುತ್ತದೋ ಬಲ್ಲವರಾರು?

ಮತ್ತೆ ಉಜ್ಜಿದಳು. ಮತ್ತೆ ಅವೇ ಗೆರೆ. ಆದರೆ ಬಿರುಕು ಸೊಟ್ಟಂಪಟ್ಟ ಹೋಗುತ್ತದೆ, ಇವು ನೆಟ್ಟಗಿದ್ದವು. ಅನುಮಾನ ಬಂದು, ಹಿಂದಿನ ತಿಂಗಳು ಪಾಸಾಗಿದ್ದ ತುಂಡೊಂದನ್ನು ಉಜ್ಜಿ ನೋಡಿದರೆ ಅದರಲ್ಲೂ ಗೆರೆ! ಅಂದರೆ ತಪ್ಪು ಉಕ್ಕಿನದಲ್ಲ, ಉಜ್ಜುವುದರದು.

ಉಜ್ಜುವ ಯಂತ್ರದ ಮುಚ್ಚಳ ಎತ್ತಿ ಅದರ ಒಳಮೈ ನೋಡಿದಳು. ಅಲ್ಲಿ ಅರ್ಧ ಉದುರಿದ ಮೂರು ಪಟ್ಟೆ ವಿಭೂತಿ! ಪೂಜೆಯ ದಿನ ಎಲ್ಲ ಯಂತ್ರಕ್ಕೂ ಹಚ್ಚುತ್ತಿದ್ದ ಚನ್ನವೀರಯ್ಯನನ್ನು, "ನಮ್ ಮಿಷಿನ್ನಿಗೂ ಒಳಗಡೆ ಹಚ್ಚಿ ಅಣ್ಣಾ" ಎಂದು ಕರೆದವಳು ಅವಳೇ. ಯಂತ್ರ ಅದುರಿದಾಗಲೆಲ್ಲ ಪುಡಿ ಬಟ್ಟೆಗೆ ಬಿದ್ದು ಉಕ್ಕನ್ನು ಗೀರುತ್ತಿತ್ತು.

ಯಂತ್ರ ತೊಳೆದು, ಬಟ್ಟೆ ಬದಲಿಸಿ ಉಜ್ಜಿದಳು. ಗೆರೆ ಮಾಯ. ಸೂಜಿಗೆ ಸೂಜಿ ಹೆಣೆದ ಹಾಗೆ ಚೊಕ್ಕ ಉಕ್ಕು. ಮೋಹನ್‌ಕುಮಾರ್ ನೋಡಿ, "ಲಾಟ್ ಕಳಿಸಿ" ಅಂದರು. ಗಂಗಾಂಬಿಕೆಗೆ ಕುಣಿಯುವಷ್ಟು ಖುಷಿ.

ಲಾಟಿನ ಸುದ್ದಿ ತಿಳಿದು ಬುತ್ತಿ ಬಿಚ್ಚದೆ ಬಾಗಿಲಾಚೆ ನಿಂತಿದ್ದ ಚನ್ನವೀರಯ್ಯನನ್ನು ಕರೆದಳು. ವಿಭೂತಿಯ ಕತೆ ಕೇಳಿ ಅವನು ನಾಲಗೆ ಕಚ್ಚಿಕೊಂಡ. "ಇಲ್ಲಿ ಕಣ್ಣಿಡಿ ಅಣ್ಣ, ನಿಮ್ ಉಕ್ಕು ನೋಡಿ."

ಇಷ್ಟು ಕಾಲ ಉಕ್ಕು ಬೇಯಿಸಿದವನು ಅದರ ಒಳಗನ್ನು ಕಂಡಿರಲೇ ಇಲ್ಲ. ಬಗ್ಗಿದವನು ಎಷ್ಟು ಹೊತ್ತಾದರೂ ಏಳಲಿಲ್ಲ.

"ಇದ್ನ ನಾನಾ ಮಾಡಿದ್ದು, ಗಂಗಮ್ಮ?"

"ನೀವೇ ಅಣ್ಣ."

"ಒಂದು ಫೋಟೋ ತೆಗ್ದು ಕೊಡವ್ವ. ನಮ್ ಮನೆಯೋಳು ಇಷ್ಟ್ ವರ್ಷ ನನ್ ಸುಟ್ಟ ಅಂಗೀನೇ ನೋಡವ್ಳೆ. ಒಂದಿನ ಇದ್ನೂ ನೋಡ್ಲಿ."